ಲೇಬಲ್ ಅಳಿಸುವ ಮುಂಚೆ

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಅಡಿಕೆ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನನ್ನದು. ಮಾಹಿತಿ ಕಾಪಾಡುವ ಮೈಕ್ರೋಸಾಫ್ಟ್ ಪರ್‌ವ್ಯೂನಲ್ಲಿ ಫೈಲು, ಇಮೇಲ್ ಎಷ್ಟು ಗೋಪ್ಯ ಅಂತ ಗುರುತಿಸಲು ಹತ್ತಾರು ಲೇಬಲ್ ಮಾಡಿದ್ದೇವೆ. ಸಿಬ್ಬಂದಿ ಧಾರಣೆ ಪಟ್ಟಿಗೂ 'ಅತಿ ಗೋಪ್ಯ' ಹಾಕುತ್ತಾರೆ. ಬೇಡದ್ದನ್ನು ಅಳಿಸಲೇ?

ಉತ್ತರ: ಧಾರಣೆ ಬೆಳಿಗ್ಗೆ ಪೇಪರಿನಲ್ಲೇ ಬರುತ್ತದೆ, ಅಲ್ವಾ! ಆದರೆ ಅಳಿಸಬೇಡಿ. ಲೇಬಲ್ ಅಳಿಸಿದರೆ ಅದರ ಹೆಸರು ಕಾಣುವುದಿಲ್ಲ, ಅದು ಹಾಕಿದ್ದ ಎನ್‌ಕ್ರಿಪ್ಷನ್ (ಅನುಮತಿ ಇಲ್ಲದವರು ತೆರೆಯದಂತೆ ಹಾಕುವ ಬೀಗ) ಮಾತ್ರ ಫೈಲಿನಲ್ಲಿ ಹಾಗೇ ಉಳಿಯುತ್ತದೆ. ಆಮೇಲೆ ತಲೆನೋವು ಜಾಸ್ತಿ. ಬದಲಿಗೆ ಅದನ್ನು ಲೇಬಲ್ ಪಾಲಿಸಿಯಿಂದ, ಅಂದರೆ ಯಾರಿಗೆ ಯಾವ ಲೇಬಲ್ ಕಾಣಬೇಕು ಅಂತ ಹೇಳುವ ಸೆಟ್ಟಿಂಗ್‌ನಿಂದ, ತೆಗೆಯಿರಿ. ಹೊಸ ಫೈಲಿಗೆ ಅದು ಸಿಗುವುದಿಲ್ಲ, ಹಳೆಯವು ಕೆಡುವುದಿಲ್ಲ. ಈ ಬದಲಾವಣೆ ಎಲ್ಲರಿಗೂ ತಲುಪಲು 24 ಗಂಟೆ ಹಿಡಿಯಬಹುದು, ಅಷ್ಟರಲ್ಲಿ ಸುಮ್ನೆ ಮತ್ತೆ ಕೈ ಹಾಕಬೇಡಿ.

ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಇಡೀ ಅಡಿಕೆ ಮಂಡಿಯೇ ನಾಲ್ಕೈದು ಹೆಸರಲ್ಲಿ ನಡೆಯುತ್ತದೆ. ನಿಮಗೆ ಮೂರು ಲೇಬಲ್ ಸಾಕು. ಸದಸ್ಯರ ಸಾಲ, ಆಧಾರ್ ಪ್ರತಿಗೆ ಮಾತ್ರ 'ಗೋಪ್ಯ' ಇರಲಿ. ಅದನ್ನು ಕಡಿಮೆ ಗೋಪ್ಯದ ಲೇಬಲ್‌ಗೆ ಇಳಿಸುವವರಿಂದ ಕಾರಣ ಕೇಳುವ ಆಯ್ಕೆಯೂ ಪಾಲಿಸಿಯಲ್ಲೇ ಇದೆ, ಆನ್ ಮಾಡಿ.