‘ಕ್ಲೀನ್ ಅಪ್’ ಅಂದರೆ ಗುಡಿಸುವುದೋ, ಎತ್ತಿಡುವುದೋ?

ತುಮಕೂರಿನ ಓದುಗರೊಬ್ಬರ ಪತ್ರ: ನನ್ನ ಮಗಳು ಆರನೇ ಕ್ಲಾಸು. ‘ಕ್ಲೀನ್ ಅಪ್’ ಎಂಬ ಮಾತಿಗೆ ಸಮಾನಾರ್ಥಕ ಪದ ಹುಡುಕಿ ವಾಕ್ಯ ಮಾಡಿ ಎಂದು ಹೋಮ್‌ವರ್ಕ್ ಕೊಟ್ಟಿದ್ದರು. ಫೋನ್ ನೋಡಿ ಟೈಡಿ ಅಪ್, ಕ್ಲಿಯರ್ ಅಪ್, ಪಿಕ್ ಅಪ್ ಎಂದು ಬರೆದುಕೊಂಡಳು. ಆಮೇಲೆ ‘ಮಳೆ ನಿಂತು ಆಕಾಶ ಕ್ಲೀನ್ ಅಪ್ ಆಯಿತು’ ಎಂದು ಇಂಗ್ಲಿಷಿನಲ್ಲಿ ಬರೆದಳು. ತಪ್ಪು ಎಂದು ಕೆಂಪು ಗೆರೆ ಬಿತ್ತು. ಎಲ್ಲದರ ಅರ್ಥ ಒಂದೇ ಆದರೆ ಇದು ಹೇಗೆ ತಪ್ಪು ಎಂದು ಕೇಳಿದಳು. ನನಗೆ ಹೇಳಲು ಬರಲಿಲ್ಲ. ಕನ್ನಡದಲ್ಲಿ ಇದಕ್ಕೆ ಸರಿಯಾದ ಒಂದು ಪದ ಯಾವುದು?

ಸಂಪಾದಕರ ಉತ್ತರ: ನಿಮ್ಮ ಮಗಳು ತುಂಬಾ ಒಳ್ಳೆಯ ಪ್ರಶ್ನೆ ಕೇಳಿದ್ದಾಳೆ. ಅವಳನ್ನು ದಾರಿ ತಪ್ಪಿಸಿದ್ದು ಆ ಪಟ್ಟಿ. ಹತ್ತು ಪದಗಳನ್ನು ಸಾಲಾಗಿ ನಿಲ್ಲಿಸಿ ‘ಇವೆಲ್ಲಾ ಒಂದೇ’ ಎಂದುಬಿಟ್ಟರೆ ಮಗು ನಂಬುತ್ತದೆ, ಅಲ್ವಾ?

ಮೊದಲು ಆಕಾಶದ ವಿಷಯ. ಮೋಡ ಸರಿದು ಬಾನು ತಿಳಿಯಾದರೆ ಇಂಗ್ಲಿಷಿನವರು ‘ಕ್ಲಿಯರ್ ಅಪ್’ ಎನ್ನುತ್ತಾರೆ. ಮೈಮೇಲಿನ ಗುಳ್ಳೆ ಹೋದರೂ ಅದೇ, ಮನಸ್ಸಿನ ಅನುಮಾನ ಬಗೆಹರಿದರೂ ಅದೇ. ಊಟದ ಮೇಜಿನಿಂದ ತಟ್ಟೆ ಲೋಟ ತೆಗೆಯುವುದಕ್ಕೂ ಅದೇ ಮಾತು. ‘ಕ್ಲೀನ್ ಅಪ್’ ಅನ್ನಬೇಕಾದರೆ ಮಾತ್ರ ಕೊಳೆಯೋ ಗಲೀಜೋ ಇರಬೇಕು, ಅದನ್ನು ತೆಗೆಯುವ ಕೈಯೂ ಇರಬೇಕು. ಆಕಾಶವನ್ನು ಯಾರೂ ಒರೆಸಲಿಲ್ಲವಲ್ಲ.

‘ಟೈಡಿ ಅಪ್’ ಅಂದರೆ ಇನ್ನೊಂದು. ಅಲ್ಲಿ ನೀರು ಬೇಡ, ಪೊರಕೆಯೂ ಬೇಡ. ಹರಡಿದ್ದನ್ನು ಅದರದರ ಜಾಗಕ್ಕೆ ಸೇರಿಸಿದರೆ ಆಯಿತು. ಹಾಲು ಚೆಲ್ಲಿದರೆ ಕ್ಲೀನ್ ಅಪ್, ಪುಸ್ತಕ ಹರಡಿದ್ದರೆ ಟೈಡಿ ಅಪ್. ಇದು ಬ್ರಿಟನ್ನಿನವರ ಬಾಯಲ್ಲಿ ಜಾಸ್ತಿ. ಅಮೆರಿಕದ ಅಮ್ಮಂದಿರು ಮಕ್ಕಳಿಗೆ ‘ನಿನ್ನ ರೂಮು ಪಿಕ್ ಅಪ್ ಮಾಡು’ ಎನ್ನುತ್ತಾರೆ. ರೂಮನ್ನು ಎತ್ತುವುದಲ್ಲ, ನೆಲದ ಮೇಲೆ ಬಿದ್ದಿದ್ದನ್ನು ಎತ್ತಿಡುವುದು.

ಈ ‘ಟೈಡಿ’ ಪದದ ಹುಟ್ಟು ನನಗೆ ಬಹಳ ಇಷ್ಟ. ಹಳೆಯ ಇಂಗ್ಲಿಷಿನಲ್ಲಿ ‘ಟೈಡ್’ ಅಂದರೆ ಹೊತ್ತು, ಕಾಲ. ಸಮುದ್ರದ ಉಬ್ಬರವಿಳಿತಕ್ಕೂ ಅದೇ ಪದ ಬಂತು. ಅದೂ ಹೊತ್ತು ಹೊತ್ತಿಗೆ ಆಗುವಂಥದ್ದು ತಾನೆ. ‘ಟೈಡಿ’ ಅಂದರೆ ಮೊದಲಿಗೆ ಹೊತ್ತಿಗೆ ಸರಿಯಾಗಿ ಆದದ್ದು ಎಂದಷ್ಟೇ ಅರ್ಥ. ಆಮೇಲೆ ಒಳ್ಳೆಯದು, ಆಮೇಲೆ ನೀಟಾದದ್ದು. ನಮ್ಮ ‘ಅಚ್ಚುಕಟ್ಟು’ ನೋಡಿ. ಕೆರೆಯ ನೀರು ಹಾಯುವ ಗದ್ದೆ ಬಯಲಿಗೂ ನಮ್ಮವರು ಅಚ್ಚುಕಟ್ಟು ಎನ್ನುತ್ತಾರೆ. ತುಮಕೂರಿನ ಕಡೆಯ ನಿಮಗೆ ಅದನ್ನು ಹೇಳಬೇಕಾಗಿಲ್ಲ. ಅವರ ‘ಟೈಡಿ’ ಹೊತ್ತಿನಿಂದ ಬಂತು. ನಮ್ಮ ‘ಅಚ್ಚುಕಟ್ಟು’ ಕೆರೆಯ ಕೆಳಗಿನ ಗದ್ದೆಗೂ ಹೆಸರಾಯಿತು.

ಇನ್ನು ಕೊನೆಯಲ್ಲಿ ಅಂಟಿಕೊಂಡಿರುವ ‘ಅಪ್’. ಮಕ್ಕಳು ಅದನ್ನು ‘ಮೇಲೆ’ ಎಂದು ಓದಿಕೊಂಡು ಗೊಂದಲಪಡುತ್ತಾರೆ. ಇಲ್ಲಿ ಅದು ಮೇಲೆಯೂ ಅಲ್ಲ, ಕೆಳಗೆಯೂ ಅಲ್ಲ. ಕೆಲಸ ಪೂರ್ತಿ ಮುಗಿಸು ಎನ್ನುವ ಒತ್ತು. ನಾವು ಆ ಒತ್ತನ್ನು ‘ಬಿಡು’ ಎಂದು ಸೇರಿಸಿ ತರುತ್ತೇವೆ. ಗುಡಿಸು ಬೇರೆ, ಗುಡಿಸಿಬಿಡು ಬೇರೆ. ತಿನ್ನು ಬೇರೆ, ತಿಂದುಬಿಡು ಬೇರೆ. ಇಷ್ಟು ಹೇಳಿದರೆ ನಿಮ್ಮ ಮಗಳಿಗೆ ಥಟ್ಟನೆ ಗೊತ್ತಾಗುತ್ತದೆ. ಇನ್ನೊಂದು ಸಣ್ಣ ವಿಷಯ ಅವಳ ನೋಟ್‌ಬುಕ್ಕಿಗೆ: ‘ಅದನ್ನು’ ಎನ್ನುವಾಗ ‘ಕ್ಲೀನ್ ಇಟ್ ಅಪ್’ ಎಂದೇ ಬರೆಯಬೇಕು. ‘ಕ್ಲೀನ್ ಅಪ್ ಇಟ್’ ಅಂದರೆ ಮತ್ತೆ ಕೆಂಪು ಗೆರೆ.

ಅಪ್ ಬದಲು ‘ಔಟ್’ ಬಂದರೆ ಕಥೆಯೇ ಬೇರೆ. ಇಸ್ಪೀಟು ಆಟದಲ್ಲಿ ಒಬ್ಬ ‘ಕ್ಲೀನ್ ಅಪ್’ ಮಾಡಿದ ಅಂದರೆ ದುಡ್ಡು ಬಾಚಿಕೊಂಡ. ಇನ್ನೊಬ್ಬ ‘ಕ್ಲೀನ್ಡ್ ಔಟ್’ ಆದ ಅಂದರೆ ಅವನ ಜೇಬು ಖಾಲಿ.

ದುಡ್ಡು ಬಾಚುವುದಕ್ಕೂ ಗುಡಿಸುವುದಕ್ಕೂ ಏನು ನಂಟು ಎಂದು ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ 1848ರಲ್ಲಿ ಚಿನ್ನ ಸಿಕ್ಕಿತು. ಜನ ಹೊಳೆಯ ಮರಳನ್ನು ದೋಣಿಯಂಥ ಉದ್ದನೆಯ ಮರದ ಕಾಲುವೆಗೆ ಸುರಿದು ನೀರು ಹಾಯಿಸುತ್ತಿದ್ದರು. ಹಗುರ ಮಣ್ಣು ಹರಿದುಹೋಗುತ್ತಿತ್ತು. ತೂಕದ ಚಿನ್ನದ ಕಣ ಅದರ ತಳದ ಅಡ್ಡಪಟ್ಟಿಗಳ ಸಂದಿಯಲ್ಲಿ ನಿಲ್ಲುತ್ತಿತ್ತು. ಆಗಾಗ ನೀರು ನಿಲ್ಲಿಸಿ, ಸಂದಿಯಲ್ಲಿದ್ದದ್ದನ್ನೆಲ್ಲಾ ಬಳಿದು ತೆಗೆಯುವ ಕೆಲಸಕ್ಕೆ ಅವರು ಇಟ್ಟ ಹೆಸರೇ ಕ್ಲೀನ್ ಅಪ್. ನಮ್ಮ ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲೂ ಹೀಗೆ ಮರಳು ಜಾಲಿಸಿ ಚಿನ್ನ ತೆಗೆಯುವವರಿದ್ದರು. ಅವರನ್ನು ಜಾಲಗಾರರು ಎನ್ನುತ್ತಿದ್ದರು. ಬೀದಿ ಗುಡಿಸುವವನಿಗೆ ಕನ್ನಡದಲ್ಲಿ ಜಲಗಾರ ಎಂಬ ಹೆಸರಿದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಸಲ ಹೇಳಿ ನೋಡಿ.

ಈಗ ನಿಮ್ಮ ಪ್ರಶ್ನೆ: ಕನ್ನಡದಲ್ಲಿ ಒಂದು ಪದ ಯಾವುದು? ಒಂದು ಪದ ಇಲ್ಲ. ಇಲ್ಲವಲ್ಲ ಎಂದು ಕೊರಗಬೇಡಿ. ನಮ್ಮಲ್ಲಿ ಯಾವ ವಸ್ತು, ಕೈ ಹೇಗೆ ಆಡುತ್ತದೆ ಎನ್ನುವುದರ ಮೇಲೆ ಪದ ಬದಲಾಗುತ್ತದೆ.

ನಮ್ಮಮ್ಮ ಅಕ್ಕಿ ಹಸನು ಮಾಡುತ್ತಿದ್ದದ್ದು ಈಗಲೂ ಕಣ್ಣ ಮುಂದಿದೆ. ಅವರು ಗೋಡೆಗೆ ಒರಗಿ ಕಾಲು ಚಾಚಿ ಕೂರುತ್ತಿದ್ದರು. ಮೊರ ಮೇಲೆ ಕೆಳಗೆ ಹಾರಿಸಿದರೆ ಅದು ಕೇರುವುದು, ಹೊಟ್ಟು ಆಚೆ ಬೀಳುತ್ತಿತ್ತು. ಮೊರವನ್ನು ಸ್ವಲ್ಪ ಓರೆ ಮಾಡಿ ಅಲ್ಲಾಡಿಸಿದರೆ ಒನೆಯುವುದು, ಕಲ್ಲು ಒಂದು ಕಡೆ ಸೇರುತ್ತಿತ್ತು. ಉಳಿದ ನೆಲ್ಲನ್ನು ಬೆರಳಿನಿಂದ ಆರಿಸುತ್ತಿದ್ದರು. ಅಡುಗೆ ಮನೆಗೆ ಹೋದ ಮೇಲೆ ನೀರಿನಲ್ಲಿ ತೊಳೆದು, ಪಾತ್ರೆ ಮೆಲ್ಲಗೆ ತಿರುಗಿಸಿ ಜಾಲಿಸುತ್ತಿದ್ದರು. ಒಂದು ಸೇರು ಅಕ್ಕಿಗೆ ಐದು ಕೆಲಸ, ಐದಕ್ಕೂ ಹೆಸರು. ಈಗ ನಾವು ‘ಅಕ್ಕಿ ಕ್ಲೀನ್ ಮಾಡಿದೆ’ ಎಂದು ಮುಗಿಸುತ್ತೇವೆ. ಕ್ಲೀನ್ ಎನ್ನುವ ಪದದ ಮೇಲೆ ನನಗೆ ಸಿಟ್ಟಿಲ್ಲ, ನಾನೂ ದಿನಾ ಆಡುತ್ತೇನೆ. ಆದರೆ ಅದರ ಹಿಂದೆ ಈ ಐದೂ ಸದ್ದಿಲ್ಲದೆ ಮರೆಯಾಗುತ್ತಿವೆ. ಅದು ನನಗೆ ನಿಜವಾಗಿ ನೋವು ಕೊಡುತ್ತದೆ.

ನೆಲವಾದರೆ ಗುಡಿಸಿ ಸಾರಿಸುತ್ತೇವೆ. ಉತ್ತರ ಕರ್ನಾಟಕದಲ್ಲಿ ಕಸ ಹೊಡೆಯುತ್ತಾರೆ. ಪಾತ್ರೆಯನ್ನು ಮೈಸೂರಿನ ಕಡೆ ಬೆಳಗುತ್ತಾರೆ, ಧಾರವಾಡದ ಕಡೆ ಭಾಂಡೆ ತಿಕ್ಕುತ್ತಾರೆ. ‘ಬೆಳಗು’ ಎಷ್ಟು ಚೆಂದ ನೋಡಿ, ಕೊಳೆ ಹೋಯಿತು ಎನ್ನುವುದಿಲ್ಲ, ಹೊಳಪು ಬಂತು ಎನ್ನುತ್ತದೆ. ಇಂಗ್ಲಿಷಿನ ‘ಕ್ಲೀನ್’ ಪದದ ಹಳೆಯ ನೆಂಟರಲ್ಲೂ ಹೊಳೆಯುವುದು ಎಂಬ ಅರ್ಥ ಇತ್ತು.

ಟೈಡಿ ಅಪ್‌ಗೆ ಹತ್ತಿರ ಬರುವುದು ಎತ್ತಿಡು, ಜೋಡಿಸು, ಓರಣ ಮಾಡು. ಮಗಳಿಗೆ ‘ನಿನ್ನ ಪುಸ್ತಕ ಎತ್ತಿಡು’ ಅಂದರೆ ಅಪ್ಪಟ ಟೈಡಿ ಅಪ್. ಮನೆ ಪೂರ್ತಿ ನೋಡಿ ಹೇಳುವಾಗ ಅಚ್ಚುಕಟ್ಟು, ಚೊಕ್ಕಟ, ಒಪ್ಪ ಓರಣ. ‘ಸ್ವಚ್ಛಗೊಳಿಸು’ ಬೋರ್ಡಿನ ಮೇಲೆ ಚೆನ್ನಾಗಿ ಕಾಣುತ್ತದೆ. ಅಡುಗೆ ಮನೆಯಲ್ಲಿ ಅದನ್ನು ಯಾರೂ ಆಡಿದ್ದು ನಾನು ಕೇಳಿಲ್ಲ.

ಮಗಳ ವಾಕ್ಯಕ್ಕೆ ‘ಕ್ಲಿಯರ್ಡ್ ಅಪ್’ ಎಂದು ಹಾಕಿಸಿ, ಸರಿಹೋಗುತ್ತದೆ. ಕನ್ನಡದಲ್ಲಿ ಮಳೆ ಹೊಳವಾಯಿತು ಅನ್ನಿ. ಮನೆಯಲ್ಲಿ ಅಜ್ಜಿ ಇದ್ದರೆ ಅಕ್ಕಿಗೆ, ಪಾತ್ರೆಗೆ, ಅಂಗಳಕ್ಕೆ ಏನೇನು ಅನ್ನುತ್ತಿದ್ದರು ಎಂದು ಅವಳೇ ಕೇಳಿ ಬರೆದು ಕಳಿಸಲಿ. ಉಳಿದ ಓದುಗರೂ ನಿಮ್ಮ ನಿಮ್ಮ ಊರಿನ ಪದ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟುಕೊಂಡಿದ್ದೇನೆ.