ಜಪಾನಿನ ಒಂದು ಮರದ ಬಟ್ಟಲಿಗೆ 12 ಸಾವಿರ ರೂಪಾಯಿ ಯಾಕೆ?

ಅಣ್ಣ ಜಪಾನಿನಿಂದ ಒಂದು ಕೆಂಪು ಬಟ್ಟಲು ತಂದಿದ್ದಾರೆ, 22 ಸಾವಿರ ಯೆನ್ ಕೊಟ್ಟಿದ್ದಾರೆ, ನಮ್ಮ ದುಡ್ಡಲ್ಲಿ ಸುಮಾರು 12 ಸಾವಿರ, ಡಬ್ಬಿ ಮೇಲೆ ವಾಜಿಮಾ ಅಂತ ಇದೆ ಎಂದು ಬರೆದಿದ್ದೀರಿ. ಮರಕ್ಕೆ ಬಣ್ಣ ಹಚ್ಚಿದ್ದಕ್ಕೆ ಇಷ್ಟು ಬೆಲೆಯಾ, ನಮ್ಮ ಚನ್ನಪಟ್ಟಣದಲ್ಲೂ ಮಾಡೋದು ಇದೇ ತಾನೇ, ಅಣ್ಣ ಮೋಸ ಹೋದರಾ ಅಂತ ನಿಮ್ಮ ಪ್ರಶ್ನೆ.

ಅದು ನಿಜವಾದ ವಾಜಿಮಾ ಬಟ್ಟಲಾಗಿದ್ದರೆ ಖಂಡಿತ ಮೋಸ ಹೋಗಿಲ್ಲ. ನಾನು ಐದು ವರ್ಷ ಜಪಾನಿನ ಕನಾಜಾವಾ ನಗರದಲ್ಲಿ ಕೆಲಸಕ್ಕಿದ್ದೆ. ಅಲ್ಲಿಂದ ನೋಟೋ ಪರ್ಯಾಯ ದ್ವೀಪದ ಉತ್ತರ ಕರಾವಳಿಯಲ್ಲಿರುವ ವಾಜಿಮಾ ಊರಿಗೆ ಬಸ್ಸಿನಲ್ಲಿ ಎರಡು ಗಂಟೆಗೂ ಜಾಸ್ತಿ. ನಾಲ್ಕು ಸಲ ಹೋಗಿದ್ದೇನೆ, ಒಂದು ಮನೆಯಲ್ಲಿ ಅರ್ಧ ದಿನ ಕೂತು ಕೆಲಸ ನೋಡಿದ್ದೇನೆ.

ಮೊದಲು ಚನ್ನಪಟ್ಟಣದ ವಿಷಯ ಹೇಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಲ್ಯಾಕರ್ ಅನ್ನೋದರಿಂದ ಈ ಗೊಂದಲ. ನಮ್ಮದು ಅರಗು, ಹುಳದಿಂದ ಬರುವುದು. ಲೇತ್ ಮೇಲೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ, ಕೇದಗೆಯ ಗರಿ ಒತ್ತಿ ಹೊಳಪು ಕೊಟ್ಟರೆ ಆಯಿತು. ಅದೂ ದೊಡ್ಡ ವಿದ್ಯೆಯೇ, ಆದರೆ ಬೇರೆ ವಿದ್ಯೆ. ಜಪಾನಿನ ಉರುಶಿ ಅಂದರೆ ಮರದ ಸೊನೆ. ಉರುಶಿ ಮರ ನಮ್ಮ ಮಾವು, ಗೇರಿನ ಕುಟುಂಬದ್ದೇ. ಮಾವಿನಕಾಯಿ ಸೊನೆ ತಾಗಿ ತುಟಿ ಸುಟ್ಟುಕೊಂಡವರಿಗೆ, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈಯಲ್ಲಿ ಬೊಬ್ಬೆ ಎದ್ದವರಿಗೆ ಇದು ಎಂಥಾ ವಸ್ತು ಅಂತ ತಕ್ಷಣ ಗೊತ್ತಾಗುತ್ತದೆ. ಹಸಿ ಉರುಶಿಯೂ ಹಾಗೇ ಚರ್ಮ ಸುಡುತ್ತದೆ. ಗಟ್ಟಿಯಾದ ಮೇಲೆ ಮಾತ್ರ ಅದರಷ್ಟು ಸಾಧು ವಸ್ತು ಇನ್ನೊಂದಿಲ್ಲ.

ಆ ಸೊನೆ ಸಿಗುವುದೇ ಕಷ್ಟ. ಮರ 10-15 ವರ್ಷ ಬೆಳೆಯಬೇಕು. ಜೂನಿನಿಂದ ಶುರು ಮಾಡಿ ಕೆಲವು ದಿನಕ್ಕೊಮ್ಮೆ ಕಾಂಡದ ಮೇಲೆ ಒಂದೊಂದು ಗೀರು ಹಾಕಿ, ಒಸರಿದ್ದನ್ನು ಕೆರೆದು ತೆಗೆಯುತ್ತಾರೆ. ಇಡೀ ಹಂಗಾಮಿಗೆ ಒಂದು ಮರದಿಂದ ಬರುವುದು ಸುಮಾರು 200 ಗ್ರಾಂ. ನಮ್ಮ ಕರಾವಳಿಯ ರಬ್ಬರ್ ಮರದ ಹಾಗೆ ವರ್ಷ ವರ್ಷ ಕೊಡುವುದಿಲ್ಲ, ಸಾಮಾನ್ಯವಾಗಿ ಆ ವರ್ಷವೇ ಮರ ಕಡಿದು, ಬುಡದಿಂದ ಹೊಸ ಚಿಗುರು ಬರಲು ಬಿಡುತ್ತಾರೆ. ಜಪಾನಿನಲ್ಲಿ ಬಳಸುವ ಉರುಶಿಯಲ್ಲಿ 90 ಭಾಗಕ್ಕೂ ಜಾಸ್ತಿ ಚೀನಾದಿಂದ ಬರುತ್ತದೆ. ಜಪಾನಿನದೇ ಉರುಶಿಯಲ್ಲಿ ಹೆಚ್ಚಿನ ಪಾಲು ಇವಾತೆ ಪ್ರಾಂತ್ಯದ ಜೋಬೋಜಿ ಅನ್ನುವ ಕಡೆಯದು.

ಇನ್ನು ಒಣಗಿಸುವುದು. ಬಣ್ಣ ಒಣಗಲು ಬಿಸಿಲು ಬೇಕು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಉರುಶಿಗೆ ತೇವ ಬೇಕು. ಗಾಳಿಯಲ್ಲಿ 70-80 ಭಾಗ ತೇವವಿದ್ದು 20-25 ಡಿಗ್ರಿ ಬೆಚ್ಚಗಿದ್ದರೆ ಸೊನೆಯೊಳಗಿನ ಕಿಣ್ವ ಕೆಲಸ ಮಾಡಿ ಗಟ್ಟಿಯಾಗುತ್ತದೆ. ಅದಕ್ಕೇ ಒಂದು ಮರದ ಬೀರು ಇಟ್ಟುಕೊಂಡಿರುತ್ತಾರೆ, ಹೆಸರು ಫುರೋ. ಸ್ನಾನದ ತೊಟ್ಟಿಗೂ ಅಲ್ಲಿ ಅದೇ ಹೆಸರು. ಒಂದು ಕೋಟ್ ಹಚ್ಚು, ಫುರೋದಲ್ಲಿಡು, ಕಾಯಿ, ಉಜ್ಜು, ಮತ್ತೆ ಹಚ್ಚು. ವಾಜಿಮಾದಲ್ಲಿ ಹೀಗೆ ನೂರಕ್ಕೂ ಹೆಚ್ಚು ಹಂತ. ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮ್ಮ ಅಣ್ಣ ಕೊಟ್ಟ ಹಣದಲ್ಲಿ ದೊಡ್ಡ ಪಾಲು ಈ ಕಾಯುವಿಕೆಗೇ ಹೋಗಿದೆ.

ನಾನು ಕೂತು ನೋಡಿದ್ದು ತಳದ ಕೆಲಸ, ಅಂದರೆ ಮೇಲಿನ ಕೋಟಿಗೂ ಮೊದಲು ಮಾಡುವ ಅಡಿಪಾಯ. ಅರವತ್ತು ದಾಟಿದ ಒಬ್ಬ ಹೆಂಗಸು ನೆಲದ ಮೇಲೆ ಕೂತಿದ್ದರು. ಬೆಳಿಗ್ಗೆ ಬಂದವರೇ ಮೊದಲು ಒಂದು ಚಾಕುವಿನಿಂದ ಉರುಶಿ ಸವರುವ ತಮ್ಮ ಮರದ ಪಟ್ಟಿಯ ತುದಿಯನ್ನು ಕೆತ್ತಿ ಸರಿ ಮಾಡಿಕೊಂಡರು, ಆ ದಿನದ ಬಟ್ಟಲಿನ ಬಾಗಿಗೆ ತಕ್ಕ ಹಾಗೆ. ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಅದು. ಆಮೇಲೆ ಉರುಶಿಗೆ ಅಕ್ಕಿಯ ಅಂಟು ಕಲಸಿದರು. ನಾವು ಚಿಕ್ಕವರಿದ್ದಾಗ ಅನ್ನ ಹಿಚುಕಿ ಗಾಳಿಪಟ ಅಂಟಿಸುತ್ತಿದ್ದೆವಲ್ಲ, ಹೆಚ್ಚು ಕಡಿಮೆ ಅದೇ. ಅದನ್ನು ಬಟ್ಟಲಿನ ಅಂಚಿಗೆ ಸವರಿ, ತೆಳ್ಳಗಿನ ಬಟ್ಟೆಯ ಪಟ್ಟಿ ಸುತ್ತಿ, ಹೆಬ್ಬೆರಳಿನಿಂದ ನಿಧಾನಕ್ಕೆ ಎಳೆಯುತ್ತಾ ಒಂದು ಸುಕ್ಕೂ ಉಳಿಯದ ಹಾಗೆ ಒತ್ತುತ್ತಾ ಹೋದರು. ಅಂಚು ಮತ್ತು ಬುಡ, ಬಟ್ಟಲು ಮೊದಲು ಒಡೆಯುವುದು ಅಲ್ಲೇ, ಅದಕ್ಕೇ ಅಲ್ಲಿಗೆ ಬಟ್ಟೆ. ಇಷ್ಟು ಪ್ರೀತಿಯಿಂದ ಕೂರಿಸಿದ ಈ ಬಟ್ಟೆ ಕೊನೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅದರ ಮೇಲೆ ಜಿನೋಕೊ. ಆ ಊರಿನ ಗುಡ್ಡದಲ್ಲೇ ಸಿಗುವ ಒಂದು ಮಣ್ಣನ್ನು ಸುಟ್ಟು ಪುಡಿ ಮಾಡಿದ್ದು. ಬಹಳ ಹಿಂದೆ ನೀರಿನಲ್ಲಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪು ಸೇರಿ ಆದ ಮಣ್ಣು, ಒಳಗೆಲ್ಲ ಸೂಕ್ಷ್ಮ ತೂತು. ಉರುಶಿ ಆ ತೂತುಗಳಿಗೆ ಇಳಿದು ಕಲ್ಲಿನ ಹಾಗಾಗುತ್ತದೆ. ಮೊದಲು ತರಿ ಪುಡಿ, ಆಮೇಲೆ ನಯ, ಆಮೇಲೆ ಇನ್ನೂ ನಯ, ಮೂರು ಸಲ. ಕೊನೆಯ ಕೋಟನ್ನು ಧೂಳು ಬಾರದ ಕೋಣೆಯಲ್ಲಿ ಮನುಷ್ಯರ ತಲೆಗೂದಲಿನ ಬ್ರಷ್‌ನಿಂದ ಹಚ್ಚುತ್ತಾರೆ. ಒಂದು ಕಣ ಧೂಳು ಕೂತರೂ ಹಕ್ಕಿಯ ಗರಿಯ ಕಡ್ಡಿ ತುದಿಯಿಂದ ಎತ್ತಿ ತೆಗೆಯುತ್ತಾರೆ.

ಇದೆಲ್ಲ ಒಬ್ಬರ ಕೆಲಸವಲ್ಲ. ಮರ ಕಡೆಯುವವರು ಬೇರೆ, ತಳದವರು ಬೇರೆ, ಮೇಲಿನ ಕೋಟಿನವರು ಬೇರೆ, ಗೀರಿ ಚಿನ್ನ ತುಂಬುವ ಚಿಂಕಿನ್ ಕೆಲಸದವರು ಬೇರೆ. ಎಲ್ಲರನ್ನೂ ಸೇರಿಸಿ, ಆರ್ಡರ್ ಹಿಡಿದು, ಮಾರುವವರು ನುಶಿಯಾ ಅನ್ನುವ ವ್ಯಾಪಾರಿ ಮನೆಗಳವರು. ಹಿಂದೆ ಇವರು ಊರೂರು ಸುತ್ತಿ ಬಟ್ಟಲು ಮಾರುತ್ತಿದ್ದದ್ದು ಹೇಗೆ ಗೊತ್ತಾ? ಚೀಟಿ ಹಾಕಿಸಿ! ಹತ್ತಾರು ಮನೆಯವರು ಸೇರಿ ಕಂತು ಕಟ್ಟುತ್ತಾ, ಚೀಟಿ ಎತ್ತಿದಾಗ ಯಾರ ಹೆಸರು ಬಂತೋ ಅವರಿಗೆ ಆ ಸಲದ ಬಟ್ಟಲಿನ ಸೆಟ್. ಅಂದರೆ ಆಗಲೂ ಇದು ಒಂದೇ ಸಲಕ್ಕೆ ದುಡ್ಡು ಕೊಟ್ಟು ಕೊಳ್ಳುವ ವಸ್ತುವಾಗಿರಲಿಲ್ಲ.

ಸರ್ಕಾರ ನೋಡಿಕೊಳ್ಳುವುದಿಲ್ಲವಾ ಅಂತ ನೀವು ಕೇಳಬಹುದು. ನೋಡಿಕೊಳ್ಳುತ್ತದೆ. 1950ರ ಕಾನೂನಿನಿಂದ ಬೆಳೆದುಬಂದ ವ್ಯವಸ್ಥೆಯಲ್ಲಿ ಅಪರೂಪದ ಕುಶಲಕರ್ಮಿಗಳನ್ನು ಗುರುತಿಸುತ್ತಾರೆ, ಜನ ಅವರನ್ನು ಜೀವಂತ ರಾಷ್ಟ್ರೀಯ ನಿಧಿ ಅಂತ ಕರೆಯುತ್ತಾರೆ, ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತಾರೆ, ವಿದ್ಯೆಯನ್ನು ಮುಂದಿನವರಿಗೆ ಕಲಿಸಲಿ ಅಂತ. ವಾಜಿಮಾದ ಕೊಮೊರಿ ಕುನಿಏ ಅವರಿಗೆ 2006ರಲ್ಲಿ ಈ ಗೌರವ ಸಿಕ್ಕಿತು. 1967ರಿಂದ ಅಲ್ಲೊಂದು ಪ್ರಾಂತ್ಯದ ತರಬೇತಿ ಶಾಲೆಯೂ ಇದೆ. ಒಳ್ಳೆಯದೇ. ಆದರೆ ನನಗೆ ಚಿಂತೆ ಆ ತಳದ ಕೆಲಸದ ಹೆಂಗಸಿನಂಥವರದ್ದು. ಅವರಿಗೆ ಬಿರುದಿಲ್ಲ. ಬಟ್ಟಲು ಮಾರಾಟವಾದರೆ ಕೂಲಿ, ಇಲ್ಲದಿದ್ದರೆ ಇಲ್ಲ.

2024ರ ಜನವರಿ 1ರ ಸಂಜೆ 4 ದಾಟಿ 10 ನಿಮಿಷಕ್ಕೆ ನೋಟೋದಲ್ಲಿ 7.6 ತೀವ್ರತೆಯ ಭೂಕಂಪ ಆಯಿತು. ನಾನು ಆಗ ಮೈಸೂರಿಗೆ ವಾಪಸ್ ಬಂದಿದ್ದೆ. ವಾಜಿಮಾದ ಬೆಳಗಿನ ಸಂತೆಯ ಬೀದಿಗೆ ಬೆಂಕಿ ಹತ್ತಿ ಸುಮಾರು 240 ಕಟ್ಟಡ ಸುಟ್ಟುಹೋದವು. ಮೊಬೈಲಿನಲ್ಲಿ ಆ ಚಿತ್ರ ನೋಡುತ್ತಾ ನನಗೆ ಊಟ ಸೇರಲಿಲ್ಲ. ಆ ಬೀದಿಯಲ್ಲಿ ನಾನು ಒಣಮೀನು ಮಾರುವ ಅಜ್ಜಿಯರ ಜೊತೆ ಹರಕು ಮುರುಕು ಜಪಾನಿಯಲ್ಲಿ ಮಾತಾಡಿದ್ದೆ. ಸೆಪ್ಟೆಂಬರಿನಲ್ಲಿ ಮತ್ತೆ ಭಾರಿ ಮಳೆ, ಪ್ರವಾಹ. ಕುಶಲಕರ್ಮಿಗಳು ತಾತ್ಕಾಲಿಕ ಶೆಡ್ಡುಗಳಲ್ಲಿ ಕೂತು ಕೆಲಸ ಮುಂದುವರಿಸಿದರು. ವಾಜಿಮಾದ 37 ಜನ ಸೇರಿ ಐದು ವರ್ಷ ಮಾಡಿದ್ದ ಒಂದು ಮೀಟರ್ ಅಗಲದ ಉರುಶಿಯ ಭೂಗೋಳಕ್ಕೆ ಆ ಭೂಕಂಪದಲ್ಲಿ ಏನೂ ಆಗಲಿಲ್ಲ. 2025ರಲ್ಲಿ ಒಸಾಕಾದ ಎಕ್ಸ್‌ಪೋದಲ್ಲಿ ಅದನ್ನೇ ಇಟ್ಟಿದ್ದರು.

ಭೂಕಂಪ ಆದ ಮೇಲೆ, ಹೇಗಿದ್ದೀರಿ ಅಂತ ಕೇಳಿದ್ದಕ್ಕೆ ನಾನು ಕೂತು ನೋಡಿದ ಮನೆಯವರಿಂದ ಮಾರ್ಚಿನಲ್ಲಿ ಎರಡು ಸಾಲಿನ ಉತ್ತರ ಬಂತು. ಮನೆ ಬಿದ್ದಿದೆ, ಜನಕ್ಕೆ ಏನೂ ಆಗಿಲ್ಲ, ಉರುಶಿಯ ಪೀಪಾಯಿ ಮಣ್ಣಿನಡಿಯಿಂದ ಸಿಕ್ಕಿತು.

ಈಗ ನಿಮ್ಮ ಬಟ್ಟಲಿಗೆ ಬರೋಣ. ಡಬ್ಬಿಯಲ್ಲಿರುವ ಚೀಟಿಯನ್ನು ಫೋನಿನ ಕ್ಯಾಮೆರಾದಲ್ಲಿ ಅನುವಾದ ಮಾಡಿ ನೋಡಿ. ಸಾಮಗ್ರಿಯ ಮುಂದೆ ನೈಸರ್ಗಿಕ ಮರ, ಲೇಪನದ ಮುಂದೆ ಉರುಶಿ ಅಂತ ಇರಬೇಕು. ಪ್ಲಾಸ್ಟಿಕ್ ರಾಳ, ಯುರೆಥೇನ್ ಅಂತ ಇದ್ದರೆ ಅದು ಬೇರೆ ಮಾಲು, ಅದಕ್ಕೆ 12 ಸಾವಿರ ಜಾಸ್ತಿಯಾಯಿತು. ಅಸಲಿಯಾಗಿದ್ದರೆ ಶೋಕೇಸಿನಲ್ಲಿ ಇಡಬೇಡಿ ದಯವಿಟ್ಟು. ಮೈಕ್ರೋವೇವ್, ಪಾತ್ರೆ ತೊಳೆಯುವ ಮಷಿನ್, ಸ್ಕ್ರಬ್ಬರ್, ಬಿಸಿಲು ಇಷ್ಟು ಬೇಡ. ಮೆತ್ತಗಿನ ಸ್ಪಂಜು, ಸ್ವಲ್ಪ ಸೋಪು, ಬಟ್ಟೆಯಿಂದ ಒರೆಸಿ ಇಡಿ, ಅಷ್ಟೇ. ನನ್ನದರ ಅಂಚು ಒಮ್ಮೆ ಕೈಜಾರಿ ಬಿದ್ದು ಚೂರು ಎದ್ದಿತ್ತು, ಕೊಂಡ ಕಡೆಗೇ ಕೊಟ್ಟೆ, ಐದು ತಿಂಗಳಾದ ಮೇಲೆ ಪೆಟ್ಟು ಬಿದ್ದದ್ದು ಎಲ್ಲಿ ಅಂತ ನನಗೇ ಗೊತ್ತಾಗದ ಹಾಗೆ ವಾಪಸ್ ಬಂತು. ಈಗ ನಮ್ಮಮ್ಮ ಅದರಲ್ಲಿ ದಿನಾ ರಾತ್ರಿ ಸಾರು ಕುಡಿಯುತ್ತಾರೆ. ಸಾರು ಬಿಸಿ ಇದ್ದರೂ ಬಟ್ಟಲು ಕೈ ಸುಡುವುದಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡೇ ಕುಡಿಯಬಹುದು.