ಹೈಸ್ಕೂಲಲ್ಲಿ ನಡುಗಿಸಿದ್ದ ‘ಈವಿಲ್ ಡೆಡ್’ ಈಗ ಯಾಕೆ ಹೆದರಿಸುತ್ತಿಲ್ಲ?

ಕ್ಯಾಸೆಟ್ಟಿನಲ್ಲಿ ನೋಡಿ ನಡುಗಿದ್ದ 1981ರ ಹಾರರ್ ಸಿನಿಮಾ ‘ಈವಿಲ್ ಡೆಡ್’ ಹೊಸ ಟಿವಿಯಲ್ಲಿ ಪೇಲವವಾಗಿ ಕಂಡಿತು, ವಯಸ್ಸಾದ್ದಕ್ಕೇ ಇರಬೇಕು, ಇನ್ನು 2013ರಲ್ಲಿ ಅದನ್ನೇ ಮತ್ತೆ ತೆಗೆದ ಹೊಸದನ್ನೇ ನೋಡಲಾ ಎಂದು ಕೇಳಿದ್ದೀರಿ. ವಯಸ್ಸಿನ ಮಾತನ್ನು ನಾನು ಒಪ್ಪುವುದಿಲ್ಲ. ಕೆಟ್ಟಿರುವುದು ಟಿವಿಯ ಸೆಟ್ಟಿಂಗು.

ನನಗೂ ಹೀಗೇ ಆಗಿತ್ತು. 55 ಇಂಚಿನ ಟಿವಿ ತಂದ ವಾರವೇ ಹಾಕಿದೆ. ಕಾಡಿನ ಮನೆ ಧಾರಾವಾಹಿಯ ಸೆಟ್ಟಿನಂತೆ ಕಂಡು ಅರ್ಧಕ್ಕೇ ನಿಲ್ಲಿಸಿದೆ. ಮತ್ತೆ ಎರಡು ವರ್ಷ ಅದರ ಗೊಡವೆಗೇ ಹೋಗಲಿಲ್ಲ. ಮಾಡಿದ ತಪ್ಪು ಒಂದೇ, ಮೋಷನ್ ಸ್ಮೂದಿಂಗ್ ಆಫ್ ಮಾಡಿರಲಿಲ್ಲ.

ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ಟಿವಿಯ ಪರದೆ ಸೆಕೆಂಡಿಗೆ 60 ಸಲ, ಕೆಲವದರಲ್ಲಿ 120 ಸಲ ಬದಲಾಗುತ್ತದೆ. ಸ್ಮೂದಿಂಗ್ ಇದ್ದರೆ ಹಿಂದಿನ ಫ್ರೇಮು, ಮುಂದಿನ ಫ್ರೇಮು ನೋಡಿ, ನಡುವೆ ಯಾರೂ ಶೂಟ್ ಮಾಡದ ಫ್ರೇಮುಗಳನ್ನು ಟಿವಿಯೇ ಹುಟ್ಟಿಸುತ್ತದೆ. ಕ್ರಿಕೆಟ್ಟಿಗೆ ಇದು ಚೆನ್ನ, ಈ ಸಿನಿಮಾಕ್ಕೆ ವಿಷ. ಕಾಡಿನಲ್ಲಿ ನುಗ್ಗಿ ಬರುವ ಕಾಣದ ಶಕ್ತಿಯ ಶಾಟ್‌ಗಳಿಗೆ ನಿರ್ದೇಶಕ ಸ್ಯಾಮ್ ರೈಮಿಯ ತಂಡ ಕ್ಯಾಮೆರಾವನ್ನು ಹಲಗೆಗೆ ಬಿಗಿದು, ಎರಡು ತುದಿ ಇಬ್ಬರು ಹಿಡಿದು ಓಡಿತ್ತು. ಆ ಕುಲುಕಾಟವೇ ಭಯ. ಟಿವಿ ಅದನ್ನು ನುಣುಪಾಗಿಸಿಬಿಡುತ್ತದೆ. ಕೊನೆಯಲ್ಲಿ ಹೆಣಗಳು ಕೊಳೆತು ಕುಸಿಯುವುದಂತೂ ಟಾಮ್ ಸಲಿವನ್ ಮತ್ತು ಬಾರ್ಟ್ ಪಿಯರ್ಸ್ ಒಂದೊಂದೇ ಫ್ರೇಮ್ ತೆಗೆದು ಮಾಡಿದ ಸ್ಟಾಪ್ ಮೋಷನ್. ಅಲ್ಲಿ ಒಂದು ಫ್ರೇಮಿಗೂ ಇನ್ನೊಂದಕ್ಕೂ ನಡುವಿನ ನೆಗೆತದಿಂದಲೇ ಮೈ ಜುಮ್ಮೆನ್ನುವುದು. ಆ ಸಂದಿಯನ್ನು ತುಂಬಿದರೆ ಅಂಚುಗಳೆಲ್ಲ ಕಲಸಿಹೋಗಿ ಬರೀ ಬೊಂಬೆ ಕಾಣುತ್ತದೆ.

ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ ಎಂದಿರುತ್ತದೆ. ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಆರಿಸಿ, ಸ್ಮೂದಿಂಗ್ ತಾನಾಗಿ ಹೋಗುತ್ತದೆ. ಒಂದು ಎಚ್‌ಡಿಎಂಐ ಪೋರ್ಟಿಗೆ ಮಾಡಿದ ಬದಲಾವಣೆ ಇನ್ನೊಂದಕ್ಕೆ ಅಥವಾ ಟಿವಿಯೊಳಗಿನ ಆ್ಯಪ್‌ಗೆ ಅನ್ವಯಿಸದೆ ಇರಬಹುದು. ಸಿನಿಮಾ ಓಡುತ್ತಿರುವಾಗಲೇ ಮೆನು ತೆರೆದು ಖಾತ್ರಿ ಮಾಡಿಕೊಳ್ಳಿ.

ಜೊತೆಗೆ ನಾಯ್ಸ್ ರಿಡಕ್ಷನ್ ಕೂಡ ತೆಗೆಯಿರಿ. ಇದು 16 ಎಂಎಂ ಫಿಲ್ಮಿನಲ್ಲಿ ತೆಗೆದು, ಥಿಯೇಟರಿಗಾಗಿ 35 ಎಂಎಂಗೆ ಹಿಗ್ಗಿಸಿದ ಸಿನಿಮಾ, ಗ್ರೇನ್, ಅಂದರೆ ಫಿಲ್ಮಿನ ಸಣ್ಣ ಚುಕ್ಕೆಗಳು, ಜಾಸ್ತಿಯೇ. ಟಿವಿ ಅದನ್ನು ಕೊಳೆ ಎಂದು ಒರೆಸಿದರೆ ಮುಖಗಳು ಮೇಣವಾಗುತ್ತವೆ. ವಿವಿಡ್ ಮೋಡ್, ಹೆಚ್ಚು ಶಾರ್ಪ್‌ನೆಸ್ ಎರಡೂ ಬೇಡ, ಮೇಕಪ್ಪಿನ ಅಂಚುಗಳು ಎದ್ದು ಕಾಣುತ್ತವೆ.

ಎಡಬಲದಲ್ಲಿ ಕಪ್ಪು ಪಟ್ಟಿ ಬಂದರೆ ಜೂಮ್ ಮಾಡಿ ಮುಚ್ಚಬೇಡಿ, ಆ ಚೌಕಾಕಾರವೇ ಮೂಲದ್ದು. ಅಗಲ ಮಾಡಿದ ಆವೃತ್ತಿಯೂ ಇದೆ, ಅದರಲ್ಲಿ ಎತ್ತರದ ಸುಮಾರು ಕಾಲು ಭಾಗ ಕತ್ತರಿಸಿ ಹೋಗಿರುತ್ತದೆ. ನೆಲಮಾಳಿಗೆಯ ಬಾಗಿಲು, ತಲೆ ಮೇಲಿನ ತೊಲೆ ಎರಡೂ ಫ್ರೇಮಿನೊಳಗೆ ಅಮುಕುತ್ತಿರಬೇಕಾದ ಸಿನಿಮಾ ಇದು. ಬ್ಲೂ-ರೇಯಲ್ಲಿ ಎರಡೂ ಅಳತೆ ಬಂದಿವೆ, 1.33 (ಎತ್ತರದ 1.33 ಪಟ್ಟು ಅಗಲ) ಇರುವುದನ್ನು ಹಾಕಿ.

2013ರದ್ದನ್ನು ಬೇಕಾದರೆ ಆಮೇಲೆ ನೋಡಿ. ಇದರ ಬದಲಿಗೆ ಅಂತೂ ಬೇಡವೇ ಬೇಡ.

ಇನ್ನು ಧ್ವನಿ. ಆಟೋ ವಾಲ್ಯೂಮ್, ನೈಟ್ ಮೋಡ್ ಇದ್ದರೆ ಸಣ್ಣ ಸದ್ದು ದೊಡ್ಡದಾಗಿ, ದೊಡ್ಡದು ಸಣ್ಣದಾಗಿ ಎಲ್ಲ ಒಂದೇ ಮಟ್ಟಕ್ಕೆ ಬರುತ್ತದೆ. ಅದನ್ನೂ ತೆಗೆದು, ಲೈಟ್ ಆರಿಸಿ, ಮೊದಲ ಹತ್ತು ನಿಮಿಷ ನೋಡಿ. ಜಗಲಿಯ ಉಯ್ಯಾಲೆ ಗೋಡೆಗೆ ಒಂದೇ ಲಯದಲ್ಲಿ ಬಡಿಯುತ್ತಿರುತ್ತದೆ. ಆ ಮನೆಗೆ ಬಂದ ಗೆಳೆಯರಲ್ಲೊಬ್ಬ ಸ್ಕಾಟಿ ಬಾಗಿಲ ಮೇಲಿನ ಬೀಗದ ಕೈಗೆ ಕೈ ಹಾಕುತ್ತಾನೆ, ಬಡಿತ ತಟ್ಟನೆ ನಿಲ್ಲುತ್ತದೆ. ಆ ಮೌನಕ್ಕೆ ನಿಮ್ಮ ಉಸಿರು ಹಿಡಿದುಕೊಂಡರೆ ಸೆಟ್ಟಿಂಗ್ ಸರಿಯಾಗಿದೆ, ಮುಂದೆ ನೋಡಿ.